ಮೂವತ್ತು ವರ್ಷದ ಒಗರು

ಬಾಟಲಿ ಎರಡು ದಿನದಿಂದ ನೆಟ್ಟಗೆ ನಿಂತಿತ್ತು. ಅಡುಗೆಮನೆ ಕಟ್ಟೆಯ ಮೂಲೆಯಲ್ಲಿ, ಬಿಸಿಲು ತಾಗದ ಕಡೆ. ಮುಟ್ಟಬೇಡಿ ಎಂದು ಹಳದಿ ಚೀಟಿ ಬೇರೆ ಅಂಟಿಸಿದ್ದರು. ಅಷ್ಟು ವರ್ಷ ಮಲಗಿಯೇ ಇದ್ದ ವೈನ್ ಅದು. ಮಲಗಿದ ಬಾಟಲಿಯಲ್ಲಿ ಗಷ್ಟು ಒಂದು ಪಕ್ಕಕ್ಕೆ ಅಂಟಿ ಕೂತಿರುತ್ತದೆ. ಎತ್ತಿ ನಿಲ್ಲಿಸಿ ಒಂದೆರಡು ದಿನ ಬಿಟ್ಟರೆ ನಿಧಾನಕ್ಕೆ ಜಾರಿ ತಳ ಸೇರುತ್ತದೆ. ಗಡಿಬಿಡಿ ಮಾಡಿದರೆ ಮಳೆಗಾಲದ ಹೊಳೆ ನೀರಿನ ಹಾಗೆ ಎಲ್ಲ ರಾಡಿ.

ನಾನು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ಲೇಬಲ್ ಓದಿದೆ. ರಿಜ್. ಮಾಂಟೆ ಬೆಲ್ಲೊ. 1995. ಅಂದರೆ ವೈನ್ ಮಾಡಿದವರ ಹೆಸರು, ದ್ರಾಕ್ಷಿ ಬೆಳೆದ ಬೆಟ್ಟ, ಅದನ್ನು ಕೊಯ್ದ ವರ್ಷ.

ಆ ಮನೆ ಕ್ಯಾಲಿಫೋರ್ನಿಯದ ಕ್ಯುಪರ್ಟಿನೊದಲ್ಲಿ ನಮ್ಮ ಬೀದಿಯ ಕೊನೆಯದು. ಯಜಮಾನರು ನಿವೃತ್ತ ಎಂಜಿನಿಯರ್, ಎಪ್ಪತ್ತು ದಾಟಿದೆ. ನಾವು ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಸಂಜೆ ಬಾಗಿಲು ತಟ್ಟಿ, ನಿಮ್ಮ ಮನೆಯಿಂದ ಬರುವ ಆ ವಾಸನೆ ಯಾವುದು ಎಂದು ಕೇಳಿದ್ದರು. ದೂರು ಹೇಳಲು ಬಂದರು ಅಂದುಕೊಂಡು ನನ್ನ ಹೆಂಡತಿ ಕಿಟಕಿ ಮುಚ್ಚಲು ಓಡಿದ್ದಳು. ಅವರಿಗೆ ಬೇಕಾಗಿದ್ದು ಇಂಗಿನ ಡಬ್ಬಿ ನೋಡುವುದು ಅಷ್ಟೆ. ಮುಚ್ಚಳ ತೆಗೆದು ಮೂಸಿ, ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಮೂಸಿದರು. ಮೂಗು ಬಲ್ಲ ಮನುಷ್ಯ ಎಂದು ಅವತ್ತೇ ಗೊತ್ತಾಯಿತು.

ಬಾಟಲಿಯ ಮೇಲೆ ಹೆಸರಿದ್ದ ಬೆಟ್ಟ ನಮ್ಮ ಮನೆ ಕಿಟಕಿಯಿಂದಲೇ ಕಾಣುತ್ತದೆ. ಈ ಊರಿನಲ್ಲಿ ಕನ್ನಡದವರು ಎಷ್ಟು ಜನ ಇದ್ದೇವೆ ಅಂದರೆ ತರಕಾರಿ ಅಂಗಡಿಯಲ್ಲಿ ಸುಮ್ನೆ ಯಾರ ಬಗ್ಗೆಯೂ ಕನ್ನಡದಲ್ಲಿ ಮಾತಾಡುವ ಹಾಗಿಲ್ಲ. ಆದರೆ ನೆತ್ತಿಯ ಮೇಲೇ ಇರುವ ದ್ರಾಕ್ಷಿ ತೋಟವನ್ನು ನೋಡಿದವರು ಕಡಿಮೆ. ಸ್ಟೀವನ್ಸ್ ಕ್ರೀಕ್ ಜಲಾಶಯದ ಪಕ್ಕದಿಂದ ಒಂದು ರಸ್ತೆ ಮೇಲೆ ಹೊರಳುತ್ತದೆ. ಆಗುಂಬೆ ಘಾಟಿ ಇಳಿದು ಅಭ್ಯಾಸ ಇರುವವರಿಗೆ ಆ ತಿರುವುಗಳು ಲೆಕ್ಕಕ್ಕಿಲ್ಲ. ತುದಿ ತಲುಪಿದರೆ ಕೆಳಗೆ ಸಿಲಿಕಾನ್ ಕಣಿವೆ ಪೂರ್ತಿ, ಅದರಾಚೆ ಕೊಲ್ಲಿ. ಬೆನ್ನ ಹಿಂದೆ ಸ್ಯಾನ್ ಆಂಡ್ರಿಯಾಸ್ ಬಿರುಕು. ತೋಟದ ಕೆಲವು ಭಾಗ ಸಮುದ್ರ ಮಟ್ಟದಿಂದ 2,600 ಅಡಿಗೂ ಮೇಲಿದೆ. ಹಸಿರುಗಲ್ಲು ಬೆರೆತ ಮಣ್ಣು, ಅಡಿಯಲ್ಲಿ ಸುಣ್ಣಕಲ್ಲು. ಈ ರಾಜ್ಯದ ದ್ರಾಕ್ಷಿ ತೋಟಗಳಲ್ಲಿ ಸುಣ್ಣಕಲ್ಲು ಸಿಗುವುದು ಅಪರೂಪ.

1885ರಲ್ಲಿ ಒಸಿಯಾ ಪೆರೋನೆ ಎಂಬ ಸ್ಯಾನ್ ಫ್ರಾನ್ಸಿಸ್ಕೊದ ಡಾಕ್ಟರು ಇಲ್ಲಿ 180 ಎಕರೆ ಕೊಂಡು, ಇಳಿಜಾರಿಗೆ ಮೆಟ್ಟಿಲು ಕಡಿಸಿ ಬಳ್ಳಿ ನೆಟ್ಟರು. 1892ರಲ್ಲಿ ಮೊದಲ ವೈನ್. ಆಮೇಲೆ ಅಮೆರಿಕದಲ್ಲಿ ಪಾನನಿಷೇಧ ಬಂತು, ತೋಟ ಹಾಳು ಬಿತ್ತು. 1940ರ ದಶಕದಲ್ಲಿ ಯಾರೋ ಮತ್ತೆ ಒಂದಷ್ಟು ಬಳ್ಳಿ ಹಾಕಿದರು. 1959ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ನಾಲ್ಕು ಜನ ವಿಜ್ಞಾನಿಗಳು ವಾರಾಂತ್ಯದ ಬಿಡಾರಕ್ಕೆ ಎಂದು ಅದನ್ನು ಕೊಂಡುಕೊಂಡರು. ಅವರಲ್ಲಿ ಒಬ್ಬರು ಚಾರ್ಲಿ ರೋಸನ್. ತನ್ನ ದಾರಿ ತಾನೇ ಯೋಚಿಸಿ ಓಡಾಡುವ ಶೇಕಿ ಎಂಬ ರೋಬಾಟ್ ಹುಟ್ಟಿದ ಪ್ರಯೋಗಾಲಯದ ಯಜಮಾನ ಇದೇ ರೋಸನ್. ಇವತ್ತು ಕೆಳಗೆ ಕಣಿವೆಯಲ್ಲಿ ದಿನಕ್ಕೆ ನಾಲ್ಕು ಸಲ ಎಐ ಮೀಟಿಂಗಿಗೆ ಕೂರುವ ನನ್ನಂಥವರಿಗೆ ಅವರು ಒಂಥರಾ ಮೂಲಪುರುಷರು. ಅವರು ಶನಿವಾರ ಬೆಟ್ಟ ಹತ್ತಿ ದ್ರಾಕ್ಷಿ ಕೊಯ್ಯುತ್ತಿದ್ದರು. ನಾವು ಶನಿವಾರ ದಿನಸಿ ತರಲು ಕಾಸ್ಟ್‌ಕೋಗೆ ಹೋಗುತ್ತೇವೆ.

1969ರಲ್ಲಿ ವೈನ್ ಮಾಡಲು ಪಾಲ್ ಡ್ರೇಪರ್ ಬಂದು ಸೇರಿದರು. ಓದಿದ್ದು ತತ್ವಶಾಸ್ತ್ರ. 2016ರವರೆಗೆ ಅಲ್ಲೇ ಇದ್ದರು. ನಮ್ಮ ಮುಂದಿದ್ದ 1995 ಅವರ ಕೈಯದ್ದೇ.

ಇದನ್ನು ಬೋರ್ಡೊ ಎಂಬ ಫ್ರೆಂಚ್ ಸೀಮೆಯ ಶೈಲಿಯ ವೈನ್ ಅನ್ನುತ್ತಾರೆ. ಯಾಕೆ ಅಂದರೆ ದ್ರಾಕ್ಷಿಯ ಕುಟುಂಬ ಅದೇ: ಕ್ಯಾಬರ್ನೆ ಸೋವಿನ್ಯೋಂ ಹಿರಿಯಣ್ಣ, ಜೊತೆಗೆ ಮೆರ್ಲೊ, ಪೆಟಿ ವೆರ್ಡೊ, ಕ್ಯಾಬರ್ನೆ ಫ್ರಾಂ. ಫ್ರಾನ್ಸಿನ ಬೋರ್ಡೊದವರು ಒಂದೇ ತಳಿಯನ್ನು ನಂಬಿ ಕೂರುವುದಿಲ್ಲ. ಕ್ಯಾಬರ್ನೆ ತಡವಾಗಿ ಹಣ್ಣಾಗುತ್ತದೆ, ಮೆರ್ಲೊ ಬೇಗ. ಒಂದಕ್ಕೆ ಮಳೆ ಹೊಡೆದರೆ ಇನ್ನೊಂದು ಉಳಿಯುತ್ತದೆ. ಅಡಿಕೆ ನಡುವೆ ಏಲಕ್ಕಿ, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಅಡಿಕೆಯವರ ಮನೆಯವನು. ತೀರ್ಥಹಳ್ಳಿ ಕಡೆ. ಈ ಬರಹಕ್ಕೆ ಅದು ಮುಖ್ಯ.

ಹದಿನೈದು ವರ್ಷದ ಹಿಂದೆ ನನ್ನನ್ನು ಯಾರೋ ಮೊದಲ ಸಲ ವೈನ್ ರುಚಿ ನೋಡಲು ಕರೆದುಕೊಂಡು ಹೋಗಿದ್ದರು. ಕೈಗೊಂದು ಕಾರ್ಡ್ ಕೊಟ್ಟರು. ಬ್ಲ್ಯಾಕ್ ಕರಂಟ್, ಸೀಡರ್, ಗ್ರಾಫೈಟ್ ಎಂದು ಬರೆದಿತ್ತು. ಬ್ಲ್ಯಾಕ್ ಕರಂಟ್ ಅಂದರೆ ನನಗೆ ಗೊತ್ತಿದ್ದದ್ದು ಶಿವಮೊಗ್ಗದ ಐಸ್‌ಕ್ರೀಮ್ ಅಂಗಡಿಯ ನೇರಳೆ ಬಣ್ಣದ ಉಂಡೆ. ಆದರೂ ಕಾರ್ಡ್ ನೋಡಿಕೊಂಡು ಹೌದು ಹೌದು, ಬ್ಲ್ಯಾಕ್ ಕರಂಟ್ ಇದೆ ಅಂದೆ. ಶುದ್ಧ ಸುಳ್ಳು. ನನ್ನ ನಾಲಿಗೆಗೆ ಅವತ್ತು ಗೊತ್ತಾದದ್ದು ಒಂದೇ. ಒಗರು.

ಆ ಪದ ಮೇಜಿನ ಸುತ್ತ ಕೂತ ಯಾರ ಹತ್ತಿರವೂ ಇರಲಿಲ್ಲ. ಅವರು ಟ್ಯಾನಿನ್ ಅನ್ನುತ್ತಿದ್ದರು. ಅದು ಒಗರು ತರುವ ವಸ್ತುವಿನ ಹೆಸರು, ರುಚಿಯದ್ದಲ್ಲ. ಬಾಯಿ ಒಣಗುತ್ತದೆ ಅನ್ನುತ್ತಿದ್ದರು, ಒಸಡು ಹಿಡಿಯುತ್ತದೆ ಅನ್ನುತ್ತಿದ್ದರು. ನಮ್ಮಲ್ಲಿ ಉಪ್ಪು, ಹುಳಿ, ಖಾರ, ಕಹಿ, ಸಿಹಿ ಆದಮೇಲೆ ಒಗರು ಎಂದು ಷಡ್ರಸದ ಲೆಕ್ಕದಲ್ಲೇ ಸೇರಿಸಿ ಬಾಯಿಪಾಠ ಮಾಡಿಸುತ್ತಾರೆ. ಇದು ರುಚಿಯೇ ಅಲ್ಲ, ಬರೀ ಸ್ಪರ್ಶ ಎಂದು ವಿಜ್ಞಾನಿಗಳು ಹೇಳುತ್ತಾರೆ. ಟ್ಯಾನಿನ್ ಹೋಗಿ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಬಾಯಿಯ ಜಾರು ಹೋಗಿ ತರಿತರಿ ಆಗುತ್ತದೆ ಎಂದು. ಇರಬಹುದು. ಎಳೆ ಬಾಳೆಕಾಯಿ ಕಚ್ಚಿದವನಿಗೆ ಆ ವಿವರಣೆಯಿಂದ ಏನೂ ಸಮಾಧಾನ ಆಗುವುದಿಲ್ಲ.

ಒಗರಿನಲ್ಲೂ ಎಷ್ಟು ಬಗೆ. ನೆಲ್ಲಿಕಾಯಿಯದ್ದು ನೀರು ಕುಡಿದರೆ ಸಿಹಿಯಾಗಿ ತಿರುಗುವ ಒಗರು. ಗೇರುಹಣ್ಣಿನದ್ದು ಗಂಟಲು ಹಿಡಿಯುವ ಒಗರು. ನೇರಳೆಯದ್ದು ನಾಲಿಗೆ ಮೇಲೆ ಬಟ್ಟೆ ಹಾಸಿದ ಹಾಗೆ. ಅಡಿಕೆಯದ್ದು ಇವೆಲ್ಲಕ್ಕೂ ದೊಡ್ಡದು. ಅಡಿಕೆಯ ಒಗರಿಗೂ ದ್ರಾಕ್ಷಿ ಸಿಪ್ಪೆಯ ಒಗರಿಗೂ ಕಾರಣ ಒಂದೇ ಜಾತಿಯ ಟ್ಯಾನಿನ್‌ಗಳು ಎಂದು ಆಮೇಲೆ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ನಾಲಿಗೆ ಮೊದಲೇ ಹೇಳಿತ್ತು. (ಅಡಿಕೆಯೂ ಮದ್ಯವೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಯಲ್ಲೇ ಇವೆ. ಎರಡನ್ನೂ ಹೊಗಳಿ ಬರೆಯುವವನು ಇಷ್ಟಾದರೂ ಹೇಳಬೇಕು.)

ಅಡಿಕೆ ಕೊಯ್ಲಿನ ದಿನಗಳಲ್ಲಿ ನಮ್ಮ ಅಂಗಳದಲ್ಲಿ ದೊಡ್ಡ ಹಂಡೆ. ಸುಲಿದ ಹಸಿ ಅಡಿಕೆ ಅದರಲ್ಲಿ ಬೇಯುತ್ತದೆ. ಒಬ್ಬೆ ಮೇಲೆ ಒಬ್ಬೆ ಬೆಂದ ನೀರು ಕಡೆಗೆ ದಪ್ಪಗೆ, ಕೆಂಪಗೆ ಆಗುತ್ತದೆ. ಅದೇ ಚೊಗರು. ಅಡಿಕೆಗೆ ಬಣ್ಣ ಮತ್ತು ಹೊಳಪು ಕೊಡುವುದು ಅದು. ಉಳಿದದ್ದನ್ನು ಮುಂದಿನ ವರ್ಷಕ್ಕೆ ತೆಗೆದಿಡುತ್ತಿದ್ದೆವು. ಮುಟ್ಟಿದರೆ ಬೆರಳಿನ ಬಣ್ಣ ವಾರ ಹೋಗುವುದಿಲ್ಲ. ಮುಟ್ಟದೇ ಇದ್ದ ಮಕ್ಕಳೂ ಇಲ್ಲ.

ಸರಿ, ಬಾಟಲಿಗೆ ಬರೋಣ.

ಹಳೆಯ ವೈನಿನ ಬೆಲೆ ಕಟ್ಟುವುದು ಮುಚ್ಚಳ ತೆಗೆಯುವ ಮೊದಲೇ ಶುರುವಾಗುತ್ತದೆ. ಬಾಟಲಿಯಲ್ಲಿ ವೈನ್ ಎಲ್ಲಿಯವರೆಗೆ ನಿಂತಿದೆ ನೋಡಬೇಕು. ಬಾಯಿಗೆ ಹಾಕಿದ ಬೆಂಡು, ಅಂದರೆ ಕಾರ್ಕ್, ಎಷ್ಟೇ ಬಿಗಿಯಿದ್ದರೂ ವರ್ಷ ವರ್ಷಕ್ಕೆ ವೈನ್ ಒಂದಿಷ್ಟು ಆರುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ಕತ್ತಿನವರೆಗೆ ಇದ್ದರೆ ಒಳ್ಳೆಯದು. ಹೆಗಲಿಗೆ ಇಳಿದಿದ್ದರೆ ಅನುಮಾನ. ಹೆಗಲ ಕೆಳಗೆ ಹೋಗಿದ್ದರೆ ಹರಾಜಿನವರು ಮುಖ ತಿರುಗಿಸುತ್ತಾರೆ. ನಮ್ಮದು ಕತ್ತಿನ ಬುಡದಲ್ಲಿತ್ತು. ವಯಸ್ಸಿಗೆ ಸರಿಯಾಗಿಯೇ ಇದೆ ಎಂದರು ಯಜಮಾನರು, ತಮ್ಮ ಬಗ್ಗೆ ಹೇಳಿಕೊಂಡ ಹಾಗೆ.

ಬೆಂಡು ಮುರಿಯಿತು. ತಿರುಪು ಅರ್ಧಕ್ಕೆ ಇಳಿಸಿ ಎತ್ತುವಾಗ ಪುಸಕ್ ಎಂದು ಮೇಲಿನ ತುಂಡು ಮಾತ್ರ ಕೈಗೆ ಬಂತು. ಅಡುಗೆಮನೆಯಲ್ಲಿ ಯಾರೂ ಉಸಿರಾಡಲಿಲ್ಲ. ಅವರು ಡ್ರಾಯರಿನಿಂದ ಎರಡು ತೆಳ್ಳನೆ ತಗಡಿನ ಕಾಲಿರುವ ಒಂದು ಇಕ್ಕಳ ತೆಗೆದರು. ಉಳಿದ ಬೆಂಡು ಮತ್ತು ಗಾಜಿನ ನಡುವೆ ಆ ಕಾಲುಗಳನ್ನು ತೂರಿಸಿ, ಆಚೆಗೊಂದು ಈಚೆಗೊಂದು ಆಡಿಸುತ್ತ, ತಿರುಗಿಸುತ್ತ ಎಳೆದರು. ಮಗುವಿನ ಹಾಲುಹಲ್ಲು ತೆಗೆಯುವವರ ಮುಖ. ಬಂತು. ತಳದ ತುದಿ ಕಪ್ಪು ಕೆಂಪು, ಒದ್ದೆ. ಅದನ್ನು ನನ್ನ ಮೂಗಿನ ಹತ್ತಿರ ಹಿಡಿದರು.

ಇಲ್ಲಿ ಹುಡುಕುವುದು ಒಳ್ಳೆಯ ವಾಸನೆಯನ್ನಲ್ಲ, ಕೆಟ್ಟದ್ದನ್ನು. ಬೆಂಡಿನ ಒಂದು ಕಾಯಿಲೆಗೆ ಟಿಸಿಎ ಎಂದು ಹೆಸರು. ಅದು ತಗುಲಿದರೆ ಎಂಥ ಬೆಟ್ಟದ ವೈನ್ ಆದರೂ ಹೋಯಿತು. ಒದ್ದೆ ರಟ್ಟಿನ ವಾಸನೆ ಎಂದು ಇಲ್ಲಿಯವರು ಹೇಳುತ್ತಾರೆ. ನನಗೆ ಅದು ಆಷಾಢದಲ್ಲಿ ನೆನೆದ ಗೋಣಿಚೀಲದ ಮುಗ್ಗಲು ವಾಸನೆ. ಮಂಡಿಯಲ್ಲಿ ಅಡಿಕೆ ಚೀಲದ ಬಾಯಿ ಬಿಚ್ಚಿದ ತಕ್ಷಣ ವ್ಯಾಪಾರಿ ಮೊದಲು ಮೂಗು ಹಾಕುವುದೂ ಇದಕ್ಕೇ. ಬೂಷ್ಟು ಇದೆಯಾ ಇಲ್ಲವಾ. ಆಮೇಲೆ ಕೈ ಚೀಲದ ಹೊಟ್ಟೆಗೆ ಇಳಿಯುತ್ತದೆ, ಯಾಕೆಂದರೆ ಬಾಯಲ್ಲಿ ಚೆಂದದ ಮಾಲು ಇಡುವುದು ಎಲ್ಲರಿಗೂ ಗೊತ್ತು. ಹಿಡಿ ಅಡಿಕೆ ಕುಲುಕಿ ಸದ್ದು ಕೇಳುತ್ತಾನೆ. ಒಂದನ್ನು ಅಡಕತ್ತರಿಯಲ್ಲಿ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ. ಆಮೇಲೆ ದರ್ಜೆ ಹೇಳುತ್ತಾನೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಮಾತು ಅಷ್ಟೇ. ಅಪ್ಪಯ್ಯನ ಪಕ್ಕ ನಿಂತು ಇದನ್ನು ನೋಡಿಯೇ ನಾನು ಬೆಳೆದದ್ದು. ಯಾವ ವ್ಯಾಪಾರಿಯೂ ಅಡಿಕೆಯಲ್ಲಿ ಸೀಡರ್ ಇದೆ ಅಂದದ್ದು ಕೇಳಿಲ್ಲ.

ಬೆಂಡಿನಲ್ಲಿ ಮುಗ್ಗಲು ಇರಲಿಲ್ಲ.

ಬಾಟಲಿಯಿಂದ ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಬಗ್ಗಿಸುವಾಗ ಕತ್ತಿನ ಕೆಳಗೆ ಮೇಣದಬತ್ತಿ ಇಟ್ಟರು. ನಾನು ಮೊಬೈಲ್ ಟಾರ್ಚ್ ಹಿಡಿಯಲಾ ಅಂದೆ. ಬೇಡ ಅಂದರು. ತೆಳ್ಳಗೆ, ನಿಲ್ಲಿಸದೆ, ಒಂದೇ ಧಾರೆ. ಬೆಳಕಿನ ಎದುರು ಕತ್ತಿನ ಗಾಜು ತಿಳಿ ಕೆಂಪಾಗಿ ಹೊಳೆಯುತ್ತಿತ್ತು. ಕೊನೆಕೊನೆಗೆ ಹೊಗೆಯ ಎಳೆಯ ಹಾಗೆ ಒಂದು ಕಪ್ಪು ಗೆರೆ ಹೆಗಲಿನಿಂದ ಕತ್ತಿಗೆ ಹರಿದು ಬಂತು. ಅಲ್ಲಿಗೆ ನಿಲ್ಲಿಸಿದರು. ಬಾಟಲಿಯಲ್ಲಿ ಎರಡು ಬೆರಳಿನಷ್ಟು ಉಳಿಯಿತು. ಅದನ್ನು ಯಾರೂ ಕುಡಿಯುವುದಿಲ್ಲ.

ಆ ಗಷ್ಟು ಎಲ್ಲಿಂದ ಬಂತು? ಹೊಸ ವೈನಿನಲ್ಲಿ ಅದು ಇರಲಿಲ್ಲ. ದ್ರಾಕ್ಷಿ ಸಿಪ್ಪೆಯ ಬಣ್ಣ ಮತ್ತು ಟ್ಯಾನಿನ್ ವರ್ಷಗಟ್ಟಲೆ ಒಂದಕ್ಕೊಂದು ಕೈ ಹಿಡಿದು ಉದ್ದದ ಸರಪಳಿ ಆಗುತ್ತವೆ. ಭಾರ ಜಾಸ್ತಿ ಆದಾಗ ವೈನಿನಲ್ಲಿ ತೇಲಲಾರದೆ ತಳಕ್ಕೆ ಕೂರುತ್ತವೆ. ಅಂದರೆ ಹುಟ್ಟುವಾಗ ಇದ್ದ ಒಗರಿನಲ್ಲಿ ಒಂದು ಪಾಲು ವೈನನ್ನು ಬಿಟ್ಟು ಹೋಗಿರುತ್ತದೆ. ವೈನ್ ತೆಳುವಾಗುವುದು, ಮೆತ್ತಗಾಗುವುದು ಹೀಗೆ.

ಬಣ್ಣ ನೋಡಲು ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಮಾಡಬೇಕು. ನಡುವೆ ಇನ್ನೂ ಗಟ್ಟಿ ಕೆಂಪು. ಅಂಚಿಗೆ ಬರುತ್ತ ಬರುತ್ತ ಹಳೇ ಹೆಂಚಿನ ಬಣ್ಣ, ಕಡೆಗೆ ಕಾವಿ. ಎಳೆ ವೈನಿನ ಅಂಚು ನೇರಳೆ ಇರುತ್ತದೆ. ಈ ಅಂಚು ನೋಡಿ ವಯಸ್ಸು ಹೇಳುವವರಿದ್ದಾರೆ. ನಾನು ಹತ್ತು ವರ್ಷ ಆಚೀಚೆ ಹೇಳಬಲ್ಲೆ ಅಷ್ಟೆ.

ಮೂಗು ಹಾಕಿದೆ. ಮೊದಲ ಐದು ನಿಮಿಷ ಏನೂ ಇಲ್ಲ. ಮುಚ್ಚಿದ ಕೋಣೆ. ನನ್ನ ಹೆಂಡತಿ ತನ್ನ ಲೋಟ ಮೂಸಿ ಮೆಲ್ಲಗೆ ಕನ್ನಡದಲ್ಲಿ, "ರೀ, ನಮ್ಮಜ್ಜಿ ಟ್ರಂಕ್ ವಾಸನೆ ಕಣ್ರೀ" ಅಂದಳು. ನಕ್ಕೆ. ಆದರೆ ಅವಳೇ ಸರಿ. ಹಳೆ ಮರ, ಮಡಿಸಿಟ್ಟ ಬಟ್ಟೆ, ಎಲ್ಲೋ ಒಂದು ಎಸಳು ಹೊಗೆಸೊಪ್ಪು. ಕಾರ್ಡಿನವರು ಸೀಡರ್ ಅನ್ನುವುದು ಇದಕ್ಕೇ. ಗ್ರಾಫೈಟ್ ಅಂದರೆ ಹೊಸದಾಗಿ ಕೆತ್ತಿದ ನಟರಾಜ್ ಪೆನ್ಸಿಲ್.

ಇಪ್ಪತ್ತು ನಿಮಿಷಕ್ಕೆ ಅದು ಬಾಗಿಲು ತೆರೆಯಿತು. ಒಣಗಿದ ನೇರಳೆ. ಮೊದಲ ಮಳೆ ಬಿದ್ದ ದರಗು. ಅಣಬೆ. ಮತ್ತೆ ಇವೆಲ್ಲದರ ಹಿಂದೆ ಏನೋ ಒಂದು ಬಹಳ ಪರಿಚಯದ್ದು, ಹೆಸರು ಬಾಯಿಗೆ ಬರುತ್ತಿಲ್ಲ. ಮೂರನೇ ಸಲ ಮೂಸಿದಾಗ ಸಿಕ್ಕಿತು. ಕೊಬ್ಬರಿ. ಹೇಳಲು ನಾಚಿಕೆಯಾಯಿತು, ಊರಿನವನಿಗೆ ಎಲ್ಲದರಲ್ಲೂ ತೆಂಗಿನಕಾಯಿ ಎಂದು ತಿಳಿದಾರು ಅಂತ. ಆದರೂ ಹೇಳಿದೆ.

ಯಜಮಾನರು ಲೋಟ ಕೆಳಗಿಟ್ಟರು. ಬೋರ್ಡೊದವರು ಫ್ರೆಂಚ್ ಓಕ್ ಪೀಪಾಯಿ ಬಳಸುತ್ತಾರೆ. ಡ್ರೇಪರ್ ಮಾತ್ರ ಗಾಳಿಗೆ ಒಣಗಿಸಿದ ಅಮೆರಿಕದ ಓಕ್ ಹಿಡಿದರು. ಆ ಮರದಲ್ಲಿ ತೆಂಗಿನ ಪರಿಮಳ ಕೊಡುವ ಲ್ಯಾಕ್ಟೋನ್ ಎಂಬ ಅಂಶ ಜಾಸ್ತಿ. ಇಷ್ಟು ವರ್ಷದಲ್ಲಿ ಇದನ್ನು ಕುಡಿದ ಯಾರೂ ಇಷ್ಟು ಬೇಗ ಅದನ್ನು ಹಿಡಿದಿರಲಿಲ್ಲ ಎಂದರು. ನಾನು ಸುಮ್ಮನೆ ನಗೆ ಬೀರಿದೆ. ಅಡಿಕೆ ಪಕ್ಕದಲ್ಲೇ ಕೊಬ್ಬರಿಯನ್ನೂ ಹರವುವ ಅಟ್ಟದ ಕೆಳಗೆ ಮಲಗಿ ಬೆಳೆದವನಿಗೆ ಇದೇನು ದೊಡ್ಡ ವಿದ್ಯೆ ಅಲ್ಲ.

ಕುಡಿದಾಗ ಮೊದಲು ಹುಳಿ. ಚುರುಕಾದ, ಬಾಯಿ ನೀರೂರಿಸುವ ಹುಳಿ. ಬೆಟ್ಟದ ಚಳಿ ಗಾಳಿಯ ಕೊಡುಗೆ ಅದು, ಇಷ್ಟು ವರ್ಷ ವೈನನ್ನು ನಿಲ್ಲಿಸಿದ್ದೂ ಅದೇ. ಆಮೇಲೆ ಹಣ್ಣು ಬಂದು ಹೋಯಿತು. ಒಗರು ಎಲ್ಲಿ? ಇಲ್ಲ ಅಂದುಕೊಂಡೆ. ನುಂಗಿ ಒಂದೆರಡು ಉಸಿರು ಆದಮೇಲೆ ಕೆನ್ನೆಯ ಒಳಗೆ, ಹಲ್ಲಿನ ಬುಡದಲ್ಲಿ ಮೆಲ್ಲಗೆ ಎದ್ದಿತು. ಸಣ್ಣ ಹಿಟ್ಟಿನ ಹಾಗೆ. ಇದೇ ತೋಟದ ಎಳೆ ವೈನನ್ನು ನಾನು ಕುಡಿದಿದ್ದೇನೆ. ಅದು ಬಾಯಿಗೆ ಬರುವಾಗಲೇ ಕಪಾಳಕ್ಕೆ ಹೊಡೆಯುತ್ತದೆ. ಈಗಿನ ಹೊಸ ಬಾಟಲಿಗೆ 200 ಡಾಲರಿಗೂ ಮೇಲೆ ಕೊಟ್ಟು ಅದೇ ವಾರ ಬಿಚ್ಚುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹಸಿ ಅಡಿಕೆ ತಿಂದು ತಲೆ ತಿರುಗಿಸಿಕೊಂಡ ಹಾಗೆ.

ಆಗ 1976ರ ಮಾತು ಬಂತು. ಈ ಬೆಟ್ಟದ ಹತ್ತಿರ ವೈನ್ ಕುಡಿದರೆ ಅದು ಬಂದೇ ಬರುತ್ತದೆ. ಆ ವರ್ಷ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಫ್ರೆಂಚ್ ತೀರ್ಪುಗಾರರನ್ನು ಕೂರಿಸಿ, ಹೆಸರು ಮುಚ್ಚಿ, ಕ್ಯಾಲಿಫೋರ್ನಿಯದ ವೈನನ್ನು ಫ್ರಾನ್ಸಿನದ್ದರ ಜೊತೆ ಕುಡಿಸಿದ. ಕೆಂಪಿನಲ್ಲಿ ಗೆದ್ದದ್ದು ಕ್ಯಾಲಿಫೋರ್ನಿಯದ್ದೇ ಆದ ನಾಪಾ ಕಣಿವೆಯ ಸ್ಟ್ಯಾಗ್ಸ್ ಲೀಪ್ 1973. ಮಾಂಟೆ ಬೆಲ್ಲೊ 1971 ಐದನೆಯದು. ಫ್ರೆಂಚರು ಏನಂದರು? ನಿಮ್ಮ ವೈನ್ ಈಗ ಚೆನ್ನಾಗಿದೆ, ನಮ್ಮದು ಎಳೆಯದು, ವಯಸ್ಸಾಗಲಿ, ಆಮೇಲೆ ನೋಡೋಣ. ಮೂವತ್ತು ವರ್ಷ ಬಿಟ್ಟರು. 2006ರ ಅದೇ ಮೇ 24ಕ್ಕೆ ಲಂಡನ್ನಿನಲ್ಲೂ ನಾಪಾದಲ್ಲೂ ಅದೇ ಕೆಂಪು ವೈನ್‌ಗಳನ್ನು ಮತ್ತೆ ಬಿಚ್ಚಿದರು. ಎರಡೂ ಕಡೆ ಮೊದಲ ಸ್ಥಾನ ಮಾಂಟೆ ಬೆಲ್ಲೊ 1971ಕ್ಕೆ. ಗೆದ್ದದ್ದಕ್ಕಿಂತ ನನಗೆ ಇಷ್ಟ ಆಗುವುದು ಆ ಐದನೆಯ ಸ್ಥಾನ. ಅವತ್ತು ಐದು ವರ್ಷದ ಒಗರು ತೀರ್ಪುಗಾರರ ಬಾಯಿ ಹಿಡಿದಿರಬೇಕು. ಇದು ನನ್ನ ಊಹೆ.

ಬೋರ್ಡೊದ ಪ್ರಸಿದ್ಧ 1855ರ ಶ್ರೇಣಿಯ ಕಥೆ ಗೊತ್ತಾ? ಪ್ಯಾರಿಸ್ ಪ್ರದರ್ಶನಕ್ಕೆಂದು ವೈನ್‌ಗಳಿಗೆ ಒಂದನೇ ದರ್ಜೆಯಿಂದ ಐದನೇ ದರ್ಜೆಯವರೆಗೆ ಪಟ್ಟಿ ಮಾಡಿ ಎಂದು ಕೇಳಿದಾಗ, ಪಟ್ಟಿ ಮಾಡಿದವರು ಅಲ್ಲಿನ ದಲ್ಲಾಳಿಗಳು. ಯಾರೂ ಕೂತು ರುಚಿ ನೋಡಲಿಲ್ಲ. ವರ್ಷಗಳಿಂದ ಯಾವ ತೋಟದ ಮಾಲು ಎಷ್ಟಕ್ಕೆ ಹೋಗುತ್ತಿದೆ, ಆ ಲೆಕ್ಕದಲ್ಲಿ ಬರೆದರು. ಇವತ್ತಿಗೂ ಲೇಬಲ್ ಮೇಲೆ ಹೆಮ್ಮೆಯಿಂದ ಅಚ್ಚಾಗುವುದು ಅದೇ. ಮೊದಲು ಓದಿದಾಗ ಮೋಸ ಅನ್ನಿಸಿತ್ತು. ಮಂಡಿ ನೆನಪಾದ ಮೇಲೆ ಅನ್ನಿಸಲಿಲ್ಲ. ಹತ್ತು ಜನ ಹತ್ತು ವರ್ಷ ಚೀಲಕ್ಕೆ ಕೈ ಹಾಕಿ ಹೇಳಿದ ದರ ಒಬ್ಬ ಪಂಡಿತ ಒಂದು ಮಧ್ಯಾಹ್ನ ಹೇಳಿದ ಗುಣಕ್ಕಿಂತ ನಂಬಿಕಸ್ತ.

ಊಟಕ್ಕೆ ಅಣಬೆ ಹುರಿದದ್ದು, ಅಕ್ರೋಟು ಹಾಕಿದ ಬ್ರೆಡ್, ಗಟ್ಟಿ ಚೀಸ್. ಖಾರ ಬೇಡ ಎಂದು ಮೊದಲೇ ಹೇಳಿದ್ದರು, ಒಗರು ಖಾರವನ್ನು ಕೆರಳಿಸುತ್ತದೆ. ನನ್ನ ಹೆಂಡತಿ ಆಸೆಯಿಂದ ಮಾಡಿ ತಂದ ಕೋಡುಬಳೆ ಡಬ್ಬಿಯಲ್ಲೇ ಉಳಿಯಿತು. ವೈನ್ ಮುಗಿದ ಮೇಲೆ ಅದೂ ಮುಗಿಯಿತು.

ಎರಡು ಗಂಟೆ ಆದಾಗ ವೈನ್ ಇಳಿಯತೊಡಗಿತು. ನೇರಳೆ ಮೊದಲು ಹೋಯಿತು, ಆಮೇಲೆ ಕೊಬ್ಬರಿ. ಹುಳಿ ಮತ್ತು ಟ್ರಂಕು ಉಳಿದವು. ಹಳೆ ವೈನಿಗೆ ಗಾಳಿ ಬೇಕು, ಆದರೆ ಅದೇ ಗಾಳಿ ಅದನ್ನು ಮುಗಿಸುತ್ತದೆ. ಹೇಗಿತ್ತು, ನೂರಕ್ಕೆ ಎಷ್ಟು ಕೊಡುತ್ತೀಯ ಎಂದು ಅವರು ಕೇಳಿದರು. ಇಲ್ಲಿ ಎಲ್ಲಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ. ನಾನು ಯೋಚಿಸಿ, ನಮ್ಮಲ್ಲಿ ಇದಕ್ಕೆ ಸರಕು ಅನ್ನುತ್ತೇವೆ ಅಂದೆ. ಅದು ಒಂದನೇ ದರ್ಜೆಯಾ ಎಂದು ಕೇಳಿದರು. ಹೌದು, ಎಳೆ ಅಡಿಕೆಯ ಮೆತ್ತನೆ ಮಾಲು, ಅತಿ ಹೆಚ್ಚು ದರ ಅದಕ್ಕೇ ಅಂದೆ. ಅವರು ಆ ಪದವನ್ನು ಎರಡು ಸಲ ಹೇಳಿ ಅಭ್ಯಾಸ ಮಾಡಿಕೊಂಡರು.

ಹೊರಡುವಾಗ ಬಾಟಲಿ ಬೇಕು ಅಂದೆ. ಲೇಬಲ್ಲಿಗಾ ಎಂದು ಕೇಳಿದರು. ಹೌದು ಅಂದೆ.

ಮಾರನೆಯ ದಿನ ಬೆಳಿಗ್ಗೆ, ಎಲ್ಲರೂ ಏಳುವ ಮೊದಲು, ಅಡುಗೆಮನೆ ಸಿಂಕಿನ ಹತ್ತಿರ ನಿಂತು ಆ ಎರಡು ಬೆರಳಿನಷ್ಟನ್ನು ಬಿಳಿ ತಟ್ಟೆಗೆ ಬಗ್ಗಿಸಿದೆ. ತೆಳ್ಳನೆ ಕೆಂಪು ನೀರು ಅಂಚಿಗೆ ಹರಿಯಿತು. ನಡುವೆ ಕಾಫಿ ಚರಟದ ಹಾಗೆ ಕಪ್ಪಗೆ, ನುಣ್ಣಗೆ ಕೂತಿತು. ತೋರುಬೆರಳು ಅದ್ದಿ ನಾಲಿಗೆಗೆ ಇಟ್ಟೆ.

ಹಣ್ಣಿಲ್ಲ, ಹುಳಿಯಿಲ್ಲ, ಕೊಬ್ಬರಿಯಿಲ್ಲ. ಬಾಯಿ ಪೂರ್ತಿ ಹಿಡಿದುಕೊಂಡಿತು. ಅಂಗಳದ ಹಂಡೆ ಪಕ್ಕ, ಯಾರೂ ನೋಡದಾಗ ಚೊಗರಿಗೆ ಬೆರಳದ್ದಿ ಚೀಪಿದಾಗ ಹಿಡಿದುಕೊಂಡ ಹಾಗೆಯೇ.

"ಎಂತ ತಿಂತಿದೀರಿ ಬೆಳಿಗ್ಗೆ ಬೆಳಿಗ್ಗೆ?" ಹೆಂಡತಿ ಬಾಗಿಲಲ್ಲಿ.

ಬೆರಳನ್ನು ಸೋಪು ಹಾಕಿ ಉಜ್ಜಿದೆ. ಉಗುರಿನ ಸಂದಿನ ಕೆಂಪು ಹೋಗಲಿಲ್ಲ. ಒಂಬತ್ತು ಗಂಟೆಯ ಮೀಟಿಂಗಿಗೆ ಹಾಗೇ ಹೋದೆ.